ವಿರೋಧ ಪಕ್ಷದಲ್ಲಿ ಕೂತು ಬಜೆಟ್ ಬರೆದಿದ್ದು: ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ನನ್ನ ಅನುಭವ

ಇಂಗ್ಲೆಂಡಿನ ಸ್ಥಳೀಯ ಚುನಾವಣೆಗೆ ನಿಲ್ಲಲು ಬ್ರಿಟಿಷ್ ಪಾಸ್‌ಪೋರ್ಟೇ ಬೇಕು ಅಂತೇನಿಲ್ಲ. ಇಲ್ಲಿ ಕಾಯಂ ವಾಸದ ಅನುಮತಿ ಇರುವ ಭಾರತೀಯರೂ ನಿಲ್ಲಬಹುದು. ನಾನು ಹಾಗೇ ಕೌನ್ಸಿಲರ್ ಆದೆ. ಕೌನ್ಸಿಲ್ ಅಂದರೆ ನಮ್ಮ ನಗರಸಭೆಯಂಥದ್ದು. ಆದರೆ ನಮ್ಮ ಪಕ್ಷಕ್ಕೆ ಬಹುಮತ ಸಿಗಲಿಲ್ಲ. ವಿರೋಧ ಪಕ್ಷದ ಸಾಲಿನಲ್ಲಿ ಕೂತೆ.

ನಮ್ಮ ಗುಂಪಿನ ಸಭೆಯಲ್ಲಿ ಎಲ್ಲರೂ ಒಂದೊಂದು ಬೇಡಿಕೆ ತಂದರು. ಲೈಬ್ರರಿ ಶನಿವಾರವೂ ತೆರೆದಿರಲಿ, ರಸ್ತೆ ಗುಂಡಿ ಮುಚ್ಚಲಿ, ಕೌನ್ಸಿಲ್ ಮನೆಗಳು ಜಾಸ್ತಿ ಆಗಲಿ. ಇದನ್ನೆಲ್ಲ ಬೇಡ ಅನ್ನೋರು ಯಾರು? ಕರಪತ್ರಕ್ಕೆ ಇಷ್ಟು ಸಾಕು, ಬಜೆಟ್ ಸಭೆಗೆ ಸಾಲದು. ಇಲ್ಲಿ ಕೌನ್ಸಿಲ್ ದಿನನಿತ್ಯದ ಖರ್ಚಿಗೆ ಸಾಲ ತರುವಂತಿಲ್ಲ, ಆದಾಯ ಖರ್ಚು ಸರಿಹೊಂದಲೇಬೇಕು. ಹೊಂದದಿದ್ದರೆ ಹಣಕಾಸು ಅಧಿಕಾರಿ '114ನೇ ಸೆಕ್ಷನ್' ನೋಟಿಸ್ ಕೊಡುತ್ತಾರೆ, ಅಂದರೆ ಖರ್ಚಿಗೆ ಹಣ ಸಾಲದು ಅನ್ನೋ ಅಧಿಕೃತ ಎಚ್ಚರಿಕೆ. 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಊರಲ್ಲೇ ಅದು ಆಯಿತು. ಹಾಗಾಗಿ ನಾವು ಬಜೆಟ್‌ಗೆ ತಿದ್ದುಪಡಿ ತರಬೇಕಾದರೆ ಮೊದಲು ಹಣಕಾಸು ಅಧಿಕಾರಿ ಅದರ ಲೆಕ್ಕ ನೋಡಿ ಒಪ್ಪಬೇಕು.

ಅವರ ಕೋಣೆಯಲ್ಲೇ ನಮ್ಮ ಪಟ್ಟಿ ಅರ್ಧ ಆಗಿದ್ದು. "ಕೌನ್ಸಿಲರ್, ಬಾಡಿಗೆ ದುಡ್ಡಲ್ಲಿ ಲೈಬ್ರರಿ ನಡೆಸೋ ಹಾಗಿಲ್ಲ" ಅಂದರು. ನಮ್ಮ ಕಡೆ ಆಶ್ರಯ ಮನೆ ಅಂದರೆ ಹಕ್ಕುಪತ್ರ ಫಲಾನುಭವಿ ಹೆಸರಿಗೆ. ಇಲ್ಲಿ ಮನೆ ಕೌನ್ಸಿಲ್‌ದೇ, ಬಡವರು ಕಡಿಮೆ ಬಾಡಿಗೆಗೆ ಇರುತ್ತಾರೆ. ಆ ಬಾಡಿಗೆ ಬೀಳೋದು ಪ್ರತ್ಯೇಕ ವಸತಿ ಖಾತೆಗೆ. 1989ರ ಕಾಯ್ದೆ ಆ ಖಾತೆಗೆ ಬೇಲಿ ಹಾಕಿದೆ. ಅಲ್ಲಿನ ಹಣ ಲೈಬ್ರರಿಗೆ ಬರಲ್ಲ, ತೆರಿಗೆ ಹಣ ಅಲ್ಲಿಗೆ ಹೋಗಲ್ಲ. ಅಂದರೆ ಎರಡು ಗಲ್ಲಾಪೆಟ್ಟಿಗೆ, ಎರಡಕ್ಕೂ ಬೇರೆ ಬೇರೆ ಬೀಗ.

ಆದರೆ ಮನೆ ಇಲ್ಲದ ಕುಟುಂಬವನ್ನು ತಾತ್ಕಾಲಿಕವಾಗಿ ಲಾಡ್ಜಿನಲ್ಲಿ ಇಡುವ ಖರ್ಚು ತೆರಿಗೆ ಖಾತೆಯಿಂದ ಹೋಗುತ್ತೆ. ಕೇಂದ್ರ ಸರ್ಕಾರ ಅದರಲ್ಲಿ ಸ್ವಲ್ಪ ವಾಪಸ್ ಕೊಡುತ್ತೆ. ಅದೂ 2011ರ ಜನವರಿಯ ಬಾಡಿಗೆ ದರದ ಲೆಕ್ಕದಲ್ಲಿ! ಉಳಿದಿದ್ದು ಕೌನ್ಸಿಲ್ ತಲೆ ಮೇಲೆ. ಮಕ್ಕಳಿರುವ ಕುಟುಂಬವನ್ನು ಲಾಡ್ಜಿನಲ್ಲಿ 6 ವಾರಕ್ಕಿಂತ ಹೆಚ್ಚು ಇಡುವಂತಿಲ್ಲ ಅನ್ನೋ ನಿಯಮ ಬೇರೆ ಇದೆ.

ಇನ್ನೊಂದು ಕಡೆ ಕೌನ್ಸಿಲ್‌ನ ಸ್ವಂತ ಮನೆಗಳೇ ಖಾಲಿ ಬಿದ್ದಿದ್ದವು. ಇವಕ್ಕೆ ಇಲ್ಲಿ 'ವಾಯ್ಡ್' ಅಂತಾರೆ. ಹಳಬರು ಕೀಲಿ ಕೊಟ್ಟ ಮೇಲೆ ಗ್ಯಾಸ್, ಕರೆಂಟ್ ಪರೀಕ್ಷೆ ಆಗಬೇಕು, ತೇವ ಹಿಡಿದ ಗೋಡೆ ಸರಿ ಮಾಡಬೇಕು, ಆಮೇಲೆ ಹೊಸಬರಿಗೆ ಕೊಡೋದು. ಒಂದು ಮನೆಯ ಬಾಡಿಗೆ ವಾರಕ್ಕೆ 100 ಪೌಂಡ್ ಅಂದುಕೊಳ್ಳಿ. 10 ವಾರ ಖಾಲಿ ಇದ್ದರೆ ವಸತಿ ಖಾತೆಗೆ 1,000 ಪೌಂಡ್ ಖೋತಾ. ಅದೇ 10 ವಾರ ಒಂದು ಕುಟುಂಬ ರಾತ್ರಿಗೆ 80 ಪೌಂಡಿನ ರೂಮಿನಲ್ಲಿದ್ದರೆ 5,600 ಪೌಂಡ್. ಎರಡೂ ಪೆಟ್ಟಿಗೆಗೆ ಪೆಟ್ಟು ಬೀಳೋ ಜಾಗ ಇದೇ ಅಂತ ಗೊತ್ತಾದ ಮೇಲೆ ನಮ್ಮ ಮೊದಲ ಆದ್ಯತೆ ತಾನಾಗೇ ತೀರ್ಮಾನ ಆಯಿತು.

ಆಡಳಿತದ ಕೆಲಸವನ್ನು ಪ್ರಶ್ನಿಸುವ ಪರಿಶೀಲನಾ ಸಮಿತಿಯಲ್ಲಿ, ಮನೆಗಳು ಎಷ್ಟು ದಿನ ಖಾಲಿ ಇರುತ್ತವೆ ಅಂತ ಅಂಕಿ ಕೇಳಿದೆವು. ಸರಾಸರಿ ಕೊಟ್ಟರು. ಸರಾಸರಿಯಲ್ಲಿ ಏನೂ ಕಾಣಲ್ಲ, ಒಂದೊಂದು ಮನೆಯ ದಿನಾಂಕ ಕೊಡಿ ಅಂತ ಹಟ ಹಿಡಿದೆವು. ಆಗ ಗೊತ್ತಾಯಿತು, ಕೆಲಸಕ್ಕೆ ಹಿಡಿಯೋ ಸಮಯ ಕಡಿಮೆಯೇ. ಎಲೆಕ್ಟ್ರಿಷಿಯನ್ ಬಂದು ಹೋದ ಮೇಲೆ ಗಾರೆಯವನಿಗೆ ಕಾಯೋದು, ಅವನಾದ ಮೇಲೆ ಪ್ಲಂಬರ್‌ಗೆ ಕಾಯೋದು, ವಾರಗಳು ಹಾಗೇ ಕಳೆಯುತ್ತಿದ್ದವು. ಕಂಟ್ರಾಕ್ಟರ್‌ಗೆ ಅವಸರವೇ ಇರಲಿಲ್ಲ.

ಹಾಗಾಗಿ ನಮ್ಮ ತಿದ್ದುಪಡಿ ಹೀಗಿತ್ತು: ವಸತಿ ಖಾತೆಯ ಮೀಸಲು ಹಣದಿಂದ ಕೌನ್ಸಿಲ್‌ದೇ ಒಂದು ರಿಪೇರಿ ತಂಡ. ಲಾಡ್ಜ್ ಖರ್ಚಿನಲ್ಲಿ ಉಳಿಯೋ ಹಣದಿಂದ ಲೈಬ್ರರಿಗೆ ಶನಿವಾರ. ಮೊದಲನೆಯದಕ್ಕೆ ಅಧಿಕಾರಿ ಒಪ್ಪಿದರು. ಎರಡನೆಯದಕ್ಕೆ ತಲೆ ಅಲ್ಲಾಡಿಸಿದರು. ಇನ್ನೂ ಕೈಗೆ ಬರದ ಉಳಿತಾಯವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ ಅಂದರು. ನ್ಯಾಯವೇ. ಕೊರತೆ ತುಂಬಲು ಕೌನ್ಸಿಲ್ ಮನೆಮನೆಗೆ ಹಂಚುವ ಪತ್ರಿಕೆಯ ಮುದ್ರಣ ನಿಲ್ಲಿಸಿ ಅಂತ ಸೇರಿಸಿದೆವು. ಅದನ್ನು ಯಾರೂ ಓದಲ್ಲ ಅನ್ನೋದು ನನ್ನ ಅಭಿಪ್ರಾಯ, ಬಿಡಿ.

ರಸ್ತೆ ಗುಂಡಿಯನ್ನು ಕೈಬಿಟ್ಟಿದ್ದಕ್ಕೆ ಊರಂಚಿನ ವಾರ್ಡಿನ ನಮ್ಮವರೊಬ್ಬರು ಮುನಿಸಿಕೊಂಡರು. ಗೋಡೆಯ ಬೂಷ್ಟನ್ನು ಯಾಕೆ ಪ್ರತ್ಯೇಕವಾಗಿ ಸೇರಿಸಲಿಲ್ಲ ಅಂತ ಬಾಡಿಗೆದಾರರೂ ಕೇಳಿದರು. 2020ರಲ್ಲಿ ರೋಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಾಗಿ ತೀರಿಹೋಯಿತು. ಅವನ ಹೆಸರಿನಲ್ಲೇ ಕರೆಯುವ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ತುರ್ತು ಅಪಾಯಕ್ಕೆ 24 ಗಂಟೆ, ಗಂಭೀರ ತೇವ ಮತ್ತು ಬೂಷ್ಟಿನ ತಪಾಸಣೆಗೆ 10 ಕೆಲಸದ ದಿನ ಗಡುವು. ಕಾನೂನೇ ಕಡ್ಡಾಯ ಮಾಡಿದ್ದನ್ನು ನಾವು ಮತ್ತೆ ಬೇಡಿಕೆ ಅಂತ ಬರೆದರೆ ಸುಮ್ನೆ ಶಬ್ದ. ಗಡುವು ಎಷ್ಟು ಸಲ ಮೀರಿತು ಅಂತ ಸಮಿತಿಯಲ್ಲಿ ಕೇಳುತ್ತಾ ಇರೋದು ಜಾಸ್ತಿ ಉಪಯೋಗ.

ಬಜೆಟ್ ಮತದಾನದಲ್ಲಿ ಯಾರು ಹೇಗೆ ಮತ ಹಾಕಿದರು ಅಂತ ಹೆಸರು ಸಮೇತ ದಾಖಲಾಗುತ್ತೆ. ಸ್ವಂತ ಕೌನ್ಸಿಲ್ ತೆರಿಗೆ (ನಮ್ಮ ಮನೆ ಕಂದಾಯದಂಥದ್ದು) ಎರಡು ತಿಂಗಳು ಬಾಕಿ ಇಟ್ಟ ಸದಸ್ಯರಿಗೆ ಮತವೇ ಇಲ್ಲ. ಈ ನಿಯಮ ನಮ್ಮೂರಿಗೂ ಬೇಕು, ಅಲ್ವಾ?

ನಾವು ಸೋತೆವು. ಕೆಲವು ತಿಂಗಳ ನಂತರ ಆಡಳಿತ ಪಕ್ಷವೇ ತಮ್ಮ ವರದಿ ಅಂತ ರಿಪೇರಿ ತಂಡವನ್ನು ಪ್ರಯೋಗಕ್ಕೆ ತಂದಿತು. ನಮ್ಮ ಹೆಸರು ಎಲ್ಲೂ ಇರಲಿಲ್ಲ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೂ ಪರವಾಗಿ ಮತ ಹಾಕಿದೆವು. ಲೈಬ್ರರಿ ಮಾತ್ರ ಶನಿವಾರ ಇನ್ನೂ ಮುಚ್ಚೇ ಇದೆ. ಮಾರ್ಚ್ 11ರೊಳಗೆ ತೆರಿಗೆ ನಿಗದಿ ಆಗಬೇಕಾದ್ದರಿಂದ ಅಕ್ಟೋಬರ್‌ನಲ್ಲೇ ಅಧಿಕಾರಿಗಳ ಹತ್ತಿರ ಲೆಕ್ಕ ಕೇಳಲು ಶುರು ಮಾಡುತ್ತೇವೆ. ಈ ಸಲ ಲಾಡ್ಜ್ ಖರ್ಚು ನಿಜಕ್ಕೂ ಎಷ್ಟು ಇಳಿದಿದೆ ಅಂತ ತೋರಿಸಲು ಆಡಳಿತ ಪಕ್ಷದವರದೇ ರಿಪೇರಿ ತಂಡದ ಅಂಕಿ ಇರುತ್ತೆ.