ಸೈಡ್‌ಕಟ್ ಕಡಿಮೆ ಮಾಡಿದ ಮೇಲೆ ಸ್ಕೀ ತಿರುಗಿತು

ಸ್ಕೀ ನಾನೇ ಮಾಡುತ್ತೇನೆ. ಮೊದಲ ಜೋಡಿಯ ಅಗಲ: ಟಿಪ್ (ಮುಂತುದಿ) 117, ಸೊಂಟ (ಸ್ಕೀಯ ಕಿರಿದಾದ ನಡುಭಾಗ) 72, ಟೇಲ್ (ಹಿಂತುದಿ) 107 ಮಿ.ಮೀ. ಟಿಪ್, ಟೇಲ್‌ಗಳ ಅತಿ ಅಗಲದ ಜಾಗಗಳ ನಡುವೆ 1500. ಸೈಡ್‌ಕಟ್, ಅಂದರೆ ಪಕ್ಕದ ಅಂಚು ಸೊಂಟದಲ್ಲಿ ಒಳಗೆ ಬಾಗಿದ ಆಳ, 20; ಲೆಕ್ಕಕ್ಕೆ 14 ಮೀಟರ್ ತ್ರಿಜ್ಯ. ಎಡ್ಜ್ (ಉಕ್ಕಿನ ಅಂಚು) ಮೇಲೆ 50 ಡಿಗ್ರಿ ವಾಲಿಸಿದರೆ 9 ಮೀಟರ್ ತ್ರಿಜ್ಯದ ಸುತ್ತಿಗೆ ಬರಬೇಕಿತ್ತು. ಹಿಮದ ಮೇಲೆ ಬಿದ್ದ ಗೆರೆ ಹೆಚ್ಚುಕಮ್ಮಿ 15 ಮೀಟರಿನದು!

ಗೆರೆ ಅಳೆಯದೆ ಸ್ಕೀ ಬಗ್ಗೆ ಮಾತಾಡಬೇಡಿ. 6 ಮೀಟರ್ ಟೇಪಿನ ಎರಡೂ ತುದಿ ಗೆರೆಯ ಮೇಲಿಟ್ಟು ನೇರ ಎಳೆದು, ಟೇಪಿನ ನಡುವಿನಿಂದ ಗೆರೆಗೆ ಎಷ್ಟು ದೂರ ನೋಡಿ. 45 ಸೆಂ.ಮೀ. ಬಂದರೆ 10 ಮೀಟರ್ ತ್ರಿಜ್ಯ, 30 ಬಂದರೆ 15. ಸೈಡ್‌ಕಟ್ಟಿನ ತ್ರಿಜ್ಯಕ್ಕಿಂತ ಗೆರೆಯದು ದೊಡ್ಡದಾದರೆ ಸ್ಕೀ ಬಾಗುತ್ತಿಲ್ಲ, ಬರೀ ಜಾರುತ್ತಿದೆ.

ಕೇಳಿದವರೆಲ್ಲ ಸೈಡ್‌ಕಟ್ ಇನ್ನೂ ಆಳ ಮಾಡು ಅಂದರು. ಎರಡನೇ ಜೋಡಿಗೆ 23 ಆಳ ಕೊಟ್ಟೆ, 125-72-111. ಕಾಗದದಲ್ಲಿ 12 ಮೀಟರ್. ಅಗಲವಾದ ಟಿಪ್ ಗಬಕ್ಕನೆ ಕಚ್ಚುತ್ತಿತ್ತು, ಸೊಂಟದ ಕೆಳಗೆ ಒತ್ತಡವೇ ಇಲ್ಲ, ತಿರುವು ಮುಗಿದರೂ ಟೇಲ್ ಬಿಡುತ್ತಿರಲಿಲ್ಲ. ಟಿಪ್ಪಿನ ಎಡ್ಜ್ ಐದಾರು ಸೆಂ.ಮೀ. ಮೊಂಡು ಮಾಡಿದೆ; ಕಚ್ಚುವುದು ನಿಂತಿತು, ಹಿಡಿತವೂ ಹೋಯಿತು. ಎರಡೂ ಜೋಡಿಯ ಉಕ್ಕಿನ ಅಂಚು, ಬೇಸ್ (ತಳದ ಹಾಳೆ), ಎಪಾಕ್ಸಿ ಅಂಟಿನ ದುಡ್ಡು ನೀರಿಗೆ ಹೋಯಿತು. ಉಳಿದದ್ದು ಅಚ್ಚು. ಅದೇ ಎಲ್ಲಕ್ಕಿಂತ ದುಬಾರಿ, ಹಾಗಾಗಿ ಅಚ್ಚು ಕೊಡುವ ಕ್ಯಾಂಬರ್ (ಸ್ಕೀ ನಡುವಿನ ಉಬ್ಬು) ಮುಟ್ಟಲಿಲ್ಲ.

ತಪ್ಪು ಇದ್ದದ್ದು ಕೋರಿನಲ್ಲಿ, ಅಂದರೆ ಸ್ಕೀಯ ಒಳತಿರುಳಿನಲ್ಲಿ. ಸೊಂಟದಿಂದ ಟಿಪ್‌ವರೆಗೆ ಒಂದೇ ಇಳಿಜಾರಿನಲ್ಲಿ ಪ್ಲೇನ್ ಮಾಡಿದ್ದರಿಂದ ಮುಂಭಾಗ ದಪ್ಪ ಉಳಿದಿತ್ತು. ಮೂರನೇ ಜೋಡಿಯಲ್ಲಿ ಅಲ್ಲಿ 6 ಮಿ.ಮೀ. ಇದ್ದದ್ದನ್ನು 5ಕ್ಕೆ ಇಳಿಸಿದೆ. ಒಂದೇ ಮಿ.ಮೀ., ಆದರೆ ಆ ಜಾಗದ ಬಿಗಿತ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಹೀಗೆ ತೆಳು ಮಾಡಿದರೆ ಟಿಪ್ ತಿರುಚಿಕೊಂಡು ಎಡ್ಜ್ ಬಿಟ್ಟುಕೊಡುತ್ತದೆ. ಅದನ್ನು ತಡೆಯುವುದು 45 ಡಿಗ್ರಿ ಎಳೆಯ ಗಾಜಿನ ಬಟ್ಟೆ. ಎಷ್ಟು ಪದರ, ಎಲ್ಲಿ ನಿಲ್ಲಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ಸೈಡ್‌ಕಟ್ 17ಕ್ಕೆ ತಂದೆ: 115-72-97, ತ್ರಿಜ್ಯ ಹದಿನಾರೂವರೆ ಮೀಟರ್. ಟೇಲ್ ಟಿಪ್‌ಗಿಂತ 18 ಮಿ.ಮೀ. ಕಿರಿದು. ಗಟ್ಟಿ ಹಿಮದಲ್ಲಿ ಟೇಲ್ ಕೊಚ್ಚಿಕೊಂಡು ಹೋಗುತ್ತೆ ಅಂದಿದ್ದರು. ಹೋಗಲಿಲ್ಲ. ತಿರುವಿನ ಕೊನೆಗೆ ಸಲೀಸಾಗಿ ಬಿಡುತ್ತದೆ, ಅಷ್ಟೇ. ಬೈಂಡಿಂಗ್ (ಬೂಟು ಹಿಡಿಯುವ ಕೊಂಡಿ) ಒಂದೂವರೆ ಸೆಂ.ಮೀ. ಮುಂದೆ ಕೂರಿಸಿದ ಮೇಲೆ ಟಿಪ್ ಮೇಲೆ ಭಾರ ಸರಿಯಾಗಿ ಬಿತ್ತು. ಎಡ್ಜ್ ಓರೆ ತಳದ ಕಡೆ 1 ಡಿಗ್ರಿ, ಪಕ್ಕದ ಕಡೆ 3. ಐವತ್ತು ಚಿಲ್ಲರೆ ಡಿಗ್ರಿ ವಾಲಿಸಿದಾಗ ಟೇಪಿನಲ್ಲಿ 45 ಸೆಂ.ಮೀ. ಬಂತು.

ನಡುವೆ ಒಳ ಅಂಚಿಗೆ 17, ಹೊರ ಅಂಚಿಗೆ 14 ಆಳ ಕೊಟ್ಟು ಒಂದು ಜೋಡಿ ಮಾಡಿ ನೋಡಿದೆ. ತಿರುವಿನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಎಡ-ಬಲ ಅದಲುಬದಲು ಮಾಡಲಾಗದೆ ಒಳ ಅಂಚು ಮಾತ್ರ ಬೇಗ ಸವೆಯಿತು. ಈಗಿನ ಜೋಡಿಗೂ ಒಂದು ಕುಂದಿದೆ: ಒರಟು, ಗಟ್ಟಿ ಹಿಮದಲ್ಲಿ ವೇಗ ಏರಿದರೆ ಟಿಪ್ ಪಟಪಟ ಬಡಿಯುತ್ತದೆ. ಅದಕ್ಕೆ ಗಾಜಿನ ಬಟ್ಟೆಯ ಕೆಳಗೆ ತೆಳು ರಬ್ಬರ್ ಪಟ್ಟಿ ಇಟ್ಟು ಹೊಸ ಜೋಡಿಯನ್ನು ಪ್ರೆಸ್‌ಗೆ (ಪದರಗಳನ್ನು ಒತ್ತಿ ಅಂಟಿಸುವ ಯಂತ್ರಕ್ಕೆ) ಹಾಕಿದ್ದೇನೆ.