ಸೌದೆ ಸೀಳಲು ಕೊಡಲಿಯೋ, ಮಿಷನ್ನೋ?

ಮೊದಲು ನಿಮ್ಮ ಸೌದೆ ಯಾವುದು ನೋಡಿ. ನಮ್ಮ ಮಡಿಕೇರಿ ಕಡೆ ಬಚ್ಚಲ ಹಂಡೆ ಕಾಯುವುದು ಹೆಚ್ಚಾಗಿ ಕಿತ್ತ ಕಾಫಿ ಗಿಡದಲ್ಲಿ, ತೋಟದ ಸಿಲ್ವರ್ ಓಕಿನಲ್ಲಿ. ನೆಟ್ಟಗೆ ಬೆಳೆದ ಸಿಲ್ವರ್ ಓಕಿಗೆ ಮಿಷನ್ ತರುವುದು ದುಂದು. ಒಂದೂವರೆ ಅಡಿಗೆ ಕೊಯ್ದು ದಪ್ಪ ಕೊರಡಿನ ಮೇಲೆ ನಿಲ್ಲಿಸಿ, ಕೊಯ್ದ ಮೈಯಲ್ಲಿ ಬಿರುಕಿನ ಗೆರೆ ಕಾಣುತ್ತದಲ್ಲ, ಅಲ್ಲಿಗೇ ಏಟು ಹಾಕಿ. ತುಂಡು ದಪ್ಪವಿದ್ದರೆ ನಡುವಿಗೆ ಹೊಡೆಯದೆ ಅಂಚಿನಿಂದ ಸೀಳುತ್ತ ಬನ್ನಿ. ತೆಳು ಬಾಯಿಯ ಕೊಡಲಿ ಮರ ಕಡಿಯಲಿಕ್ಕೆ. ಸೀಳಲಿಕ್ಕೆ ದಪ್ಪ ತಲೆಯದ್ದೇ ಬೇಕು. ಚಪ್ಪಲಿ ಬೇಡ, ಬೂಟು ಹಾಕಿ.

ಕಾಫಿ ಬೊಡ್ಡೆಯ ಕಥೆ ಬೇರೆ. ಗಂಟು, ತಿರುಚಿದ ನಾರು. ಕೊಡಲಿ ಕಚ್ಚಿಕೊಂಡರೆ ಕೀಳುವಷ್ಟರಲ್ಲಿ ಸಾಕುಸಾಕಾಗುತ್ತದೆ. ಇಂಥದ್ದೇ ರಾಶಿ ಬಿದ್ದಿದ್ದರೆ, ಇಲ್ಲವೇ ಹೋಂಸ್ಟೇಗೆ ದಿನಾ ಬಿಸಿನೀರು ಬೇಕಿದ್ದರೆ ಎಣ್ಣೆಯ ಒತ್ತಡದಲ್ಲಿ ತುಂಡನ್ನು ಬೆಣೆಗೊತ್ತಿ ಸೀಳುವ ಹೈಡ್ರಾಲಿಕ್ ಮಿಷನ್ ಯೋಚಿಸಿ. ಕರೆಂಟಿನದ್ದಕ್ಕೆ ಸದ್ದು ಕಡಿಮೆ, ಆದರೆ ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಕರೆಂಟ್ ನಂಬಿ ಕೂರುವವರುಂಟೇ? ಪೆಟ್ರೋಲಿನದ್ದನ್ನು ತೋಟದೊಳಗೇ ಎಳೆದೊಯ್ಯಬಹುದು. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಓಡಿಸಬೇಡಿ, ಹೊಗೆ ವಿಷ. ಎರಡು ಲಿವರಿದ್ದು, ಎರಡೂ ಕೈ ಅವುಗಳ ಮೇಲಿದ್ದರಷ್ಟೇ ಓಡುವಂಥದ್ದನ್ನೇ ಆರಿಸಿ, ಆಗ ಕೈ ಬೆಣೆಗೆ ಸಿಕ್ಕುವುದಿಲ್ಲ. ಒಂದೇ ಕೈಯಲ್ಲಿ ಓಡಿಸಲು ಆಳುಗಳು ಒಂದು ಲಿವರಿಗೆ ಹಗ್ಗ ಬಿಗಿದಿದ್ದರೆ ಅಲ್ಲೇ ಬಿಚ್ಚಿಸಿ.

ವರ್ಷಕ್ಕೊಂದು ಪಿಕಪ್ ಸೌದೆ ಸಾಕೆನ್ನುವ ಮನೆಗೆ ಕೊಡಲಿ, ಎರಡು ಕಬ್ಬಿಣದ ಬೆಣೆ, ಒಂದು ದೊಡ್ಡ ಸುತ್ತಿಗೆ ಧಾರಾಳ. ಹೆಚ್ಚಿದ್ದರೆ ನಾಲ್ಕು ಮನೆಯವರು ಸೇರಿ ಮಿಷನ್ ಕೊಳ್ಳಿ. ಯಾವುದರಲ್ಲೇ ಸೀಳಿ, ಕಾಫಿ ಕೊಯ್ಲು ಮುಗಿದೊಡನೆ ಸೀಳಿ ಬಿಸಿಲಿಗೆ ಒಟ್ಟಿ, ಮೇ ಕೊನೆಯೊಳಗೆ ಶೆಡ್ಡಿಗೆ ಸೇರಿಸಿ.