ಸ್ಟೇನ್‌ಗೇಟ್ ರಸ್ತೆ ಪಕ್ಕದ ಮಣ್ಣಿನಲ್ಲಿ ಎರಡು ವಾರ

ಉತ್ತರ ಇಂಗ್ಲೆಂಡಿನ ವಿಂಡೊಲಾಂಡಾದಲ್ಲಿ ಪುರಾತತ್ವ ಉತ್ಖನನದ ಸ್ವಯಂಸೇವಕಿಯಾಗಿ ಎರಡು ವಾರ ಮಣ್ಣು ಕೆರೆದು ಬಂದಿದ್ದೇನೆ. ರೋಮನ್ನರ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಕೆಲಸ ಶುರುವಾಗಿದ್ದು ಕ್ರಿ.ಶ. 122ರಲ್ಲಿ. ಅದಕ್ಕೂ ಮೊದಲೇ ಇಲ್ಲಿ ರೋಮನ್ ಕೋಟೆ ಇತ್ತು. ಪಕ್ಕದಲ್ಲೇ ಕಾರ್ಬ್ರಿಜ್‌ನಿಂದ ಕಾರ್ಲೈಲ್‌ಗೆ ಹೋಗುವ ಸ್ಟೇನ್‌ಗೇಟ್ ರಸ್ತೆ. ಆ ಕಾಲದ ಮೈಲಿಗಲ್ಲೊಂದು ನೆಟ್ಟ ಜಾಗದಲ್ಲೇ ಈಗಲೂ ನಿಂತಿದೆ. ಮೊದಲ ದಿನವೇ ಹೋಗಿ ಮುಟ್ಟಿ ಬಂದೆ.

ಕೆಲಸ ಕಲಿಯಲು ಅರ್ಧ ದಿನ ಸಾಕು, ಕೈ ಪಳಗಲು ಮಾತ್ರ ಜಾಸ್ತಿ ದಿನ ಬೇಕು. ಗಾರೆಯವರ ಕರಣೆಯಂಥದ್ದೇ ಒಂದು ಸಣ್ಣ ಕರಣೆ ಕೊಡುತ್ತಾರೆ. ಅದರ ತುದಿಯಿಂದ ಕುಕ್ಕಬಾರದು. ಅಂಚನ್ನು ಊರಿ, ಮಣ್ಣನ್ನು ತೆಳ್ಳಗೆ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಕೆರೆದ ನೆಲದ ಮೇಲೆ ಮತ್ತೆ ಮಂಡಿ ಊರದ ಹಾಗೆ ಹಿಂದಕ್ಕೆ ಸರಿಯುತ್ತಾ ಹೋಗಬೇಕು. ಮಣ್ಣಿನ ಬಣ್ಣ ಬದಲಾಯಿತೋ, ಕೈ ನಿಲ್ಲಿಸಿ ಮೇಲ್ವಿಚಾರಕಿಯನ್ನು ಕರೆಯಬೇಕು. ಯಾಕೆಂದರೆ ಅಲ್ಲಿಗೆ ಒಂದು ಕಾಲ ಮುಗಿದು ಇನ್ನೊಂದು ಶುರುವಾಗುತ್ತದೆ.

ಇಲ್ಲಿ ಒಂದರ ಮೇಲೊಂದು ಒಂಬತ್ತು ಕೋಟೆಗಳು ಎದ್ದಿವೆ. ಹಳೆಯ ಮರದ ಕಟ್ಟಡ ಕೆಡವಿ, ಮೇಲೆ ಜೇಡಿಮಣ್ಣು, ಹುಲ್ಲುಹೆಂಟೆ ಹಾಕಿ ಹೊಸದು ಕಟ್ಟಿದರು. ಹಾಗಾಗಿ ಕೆಳಗಿನ ಪದರಕ್ಕೆ ಗಾಳಿಯೇ ಹೋಗಿಲ್ಲ. ಮರ, ಚರ್ಮ ಯಾವುದೂ ಕೊಳೆತಿಲ್ಲ.

ನಾಲ್ಕನೇ ದಿನ ಕಪ್ಪು ಕೆಸರಿನಲ್ಲಿ ಏನೋ ಮೆತ್ತಗೆ ಸಿಕ್ಕಿತು. ಆಸೆ ತಡೆಯಲಾರದೆ ಎಳೆಯಲು ಹೋದೆ. "ಎಳೀಬೇಡಿ, ಸುತ್ತ ಬಿಡಿಸಿ, ಅದಾಗೇ ಬರುತ್ತೆ" ಅಂದರು ಮೇಲ್ವಿಚಾರಕಿ. ಬೆರಳಿನಿಂದ ಕೆಸರು ಬಿಡಿಸುತ್ತಾ ಮುಕ್ಕಾಲು ಗಂಟೆ ಕೂತೆ. ಚಪ್ಪಲಿಯ ಅಟ್ಟೆ! ಸಾಲಾಗಿ ಹೊಡೆದ ಕಬ್ಬಿಣದ ಮೊಳೆಗಳು. ಹಿಮ್ಮಡಿಯ ಒಂದು ಬದಿ ಸವೆದಿತ್ತು. ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ. ಮಗುವಿನದೇ ಇರಬೇಕು. ಸೈನಿಕರ ಕೋಟೆಯಲ್ಲಿ ಮಕ್ಕಳೂ ಓಡಾಡಿದ್ದರು ಅಂತ ಓದಿ ಗೊತ್ತಿತ್ತು. ಆದರೂ ಆ ಸವೆತ ನೋಡಿದಾಗ ಗಂಟಲು ಕಟ್ಟಿತು. ಒಣಗಿದರೆ ಬಿರಿಯುತ್ತದೆ ಅಂತ ತಕ್ಷಣ ಒದ್ದೆಯಾಗಿಯೇ ಚೀಲಕ್ಕೆ ಹಾಕಿದರು.

ಇಲ್ಲಿನ ದೊಡ್ಡ ಸಂಪತ್ತು ಅಂದರೆ 1973ರಿಂದ ಸಿಗುತ್ತಿರುವ ಮರದ ಓಲೆಗಳು. ತೆಳು ಹಲಗೆಯ ಮೇಲೆ ಶಾಯಿಯಲ್ಲಿ ಬರೆದ ಪತ್ರ, ಲೆಕ್ಕಪತ್ರ ಎಲ್ಲ ಇವೆ. ಅಂಥ ಒಂದು ಲೆಕ್ಕದ ಪಟ್ಟಿಯಲ್ಲಿ ಗಂಬಾಕ್ಸ್ ಎಂಬಾತನ ಹೆಸರಿನ ಮುಂದೆ ಮೆಣಸು, 2 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಅಂತಿದೆ. ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋಗುತ್ತಿದ್ದ ಕರಿಮೆಣಸು! ಶಿರಸಿ ಹತ್ತಿರದ ತೋಟದಲ್ಲಿ ಅಜ್ಜ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಆ ಚಳಿಯ ಗುಡ್ಡದ ಮೇಲೆ ಮೆಣಸಿನ ಮಾತು ಬಂದಾಗ ಸುಮ್ನೆ ಇರಲಾಗುತ್ತಾ? ಊಟದ ಹೊತ್ತಿನಲ್ಲಿ ಎಲ್ಲರಿಗೂ ಬಳ್ಳಿಯ ಕಥೆ ಹೇಳಿದೆ.

ಓಲೆ ನನಗೆ ಸಿಗಲಿಲ್ಲ. ಮುಂದಿನ ಹಂಗಾಮಿಗೆ ಅರ್ಜಿ ಹಾಕಿದ್ದೇನೆ. ಮಂಡಿಗೆ ದಪ್ಪನೆಯ ಪ್ಯಾಡ್ ಈಗಲೇ ತಂದಿಟ್ಟಿದ್ದೇನೆ.